ಕಳಸದ ಸಮಕ್ಕೆ

ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ಒಳಗೆ ಬಂದವರೇ, "ತೊಟ್ಟಿಲದವ ಹೂಂ ಅಂದಾನ. ಆಟ ಬಂದ್ ಆದಮ್ಯಾಲೆ ಅವ್ವನ್ನ ಕರ್ಕೊಂಡ ಹೋಗೂಣು, ಏಳು" ಎಂದರು.

ಎಪ್ಪತ್ತರ ದಶಕದ ಮಾತು. ಸಿಂದಗಿಯ ಜಾತ್ರೆ ಬಯಲಿಗೆ, ಪಕ್ಕದ ಬಸವಣ್ಣನ ಗುಡಿಗಿಂತ ಎತ್ತರದ, ತಿರುಗುವ ತೊಟ್ಟಿಲು ಬಂದಿತ್ತು. ಮರುದಿನ ನಮ್ಮತ್ತೆಯನ್ನು ಕಣ್ಣಿನ ಆಪರೇಶನ್ನಿಗೆ ಮಿರಜಿನ ಆಸ್ಪತ್ರೆಗೆ ಕರೆದೊಯ್ಯುವುದಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಉಳಿಯುವ ಭರವಸೆಯನ್ನು ಡಾಕ್ಟರೂ ಕೊಟ್ಟಿರಲಿಲ್ಲ. ಅಷ್ಟರೊಳಗೆ ಒಮ್ಮೆ ಮೇಲಿಂದ ಊರು ನೋಡುವ ಆಸೆ ಅತ್ತೆಗೆ. ಮುದುಕಿ ತೊಟ್ಟಿಲೇರಿದಳೆಂದು ಮಂದಿ ನಕ್ಕಾರೆಂಬ ನಾಚಿಕೆಯೂ ಇತ್ತು.

ಜನ ಚದುರಿದ ಮೇಲೆ ಹೋದೆವು. ಅತ್ತೆ ಚಪ್ಪಲಿ ಕೆಳಗೇ ಬಿಟ್ಟು ನನ್ನ ಜೊತೆ ಹತ್ತಿದರು. ತುದಿಗೆ ಹೋದದ್ದೇ ತಡ, ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಇಳಸ್ರೋ ತಮ್ಮಾ! ಬಸವಣ್ಣನ ಗುಡಿ ಕಳಸ ಕಾಲ ಕೆಳಗ ಬಂತು, ಪಾಪ ಹತ್ತತೈತಿ!"

ತೊಟ್ಟಿಲಿನವ ನಗಲಿಲ್ಲ. ಕಳಸದ ಕಡೆ ನೋಡುತ್ತ ಮೆಲ್ಲಗೆ ಇಳಿಸಿ ನಡುವೆ ನಿಲ್ಲಿಸಿದ.

"ಯವ್ವಾ, ಈಗ ಸಮ ಐತ್ರಿ. ಕಣ್ಣ ತೆಗೀರಿ."

ಬೆಳದಿಂಗಳಲ್ಲಿ ಕಳಸ ನಮ್ಮೆದುರಿಗೇ ಹೊಳೆಯುತ್ತಿತ್ತು. ಜನ್ಮವಿಡೀ ಕತ್ತೆತ್ತಿ ನೋಡಿದ್ದನ್ನು ಅತ್ತೆ ಈಗ ಎದುರುಬದುರಾಗಿ ಕಂಡು ಕೈಮುಗಿದರು.

ಆ ಕಣ್ಣು ಉಳಿಯಲಿಲ್ಲ. ಆಮೇಲೆ ಗುಡಿಗೆ ಕೈಹಿಡಿದು ಕರೆದೊಯ್ದಾಗಲೆಲ್ಲ ಅತ್ತೆ ಕತ್ತೆತ್ತುತ್ತಿರಲಿಲ್ಲ, ನೇರ ಎದುರಿಗೇ ಕೈಮುಗಿಯುತ್ತಿದ್ದರು. ಅಷ್ಟಾದರೂ ಶಿವ ತೋರಿಸಿದನಲ್ಲ! ತೊಟ್ಟಿಲೇರಿದ ಆ ರಾತ್ರಿ ಮನೆಗೆ ಬಂದು ಮತ್ತೆ ಒಲೆಯ ಮೇಲೆ ಹಂಚಿಟ್ಟು, ಮಿರಜಿನ ಬುತ್ತಿಗೆ ಉಳಿದ ರೊಟ್ಟಿ ಬಡಿದೆ.