ಚಿಗವ್ವ ಬಿಡಿಸಿದ ಎಣ್ಣೆ

ಮೊನ್ನೆ ಬೆಳಿಗ್ಗೆ ಬೋರ್‌ವೆಲ್ ನೀರಿನಲ್ಲಿ ಸೋಪು ಕದಡಿದರೆ ನೊರೆ ಬರಲಿಲ್ಲ, ಒಡೆದ ಹಾಲಿನಂತೆ ಬಿಳಿ ಗಸಿ ತೇಲಿತು. ರಾಯಚೂರಿನವರಿಗೆ ಇದೇನು ಹೊಸದಲ್ಲ ಬಿಡಿ. ಆದರೆ ಆ ಗಸಿ ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗುವುದಾದರೆ ಕೊನೆಗೆ ನಗಿ.

ಎಮ್ಮೆಸ್ಸಿಯಲ್ಲಿ ನನ್ನ ಪ್ರಾಜೆಕ್ಟು ಎಣ್ಣೆ ಬಾವಿಗಳದ್ದು. ಭತ್ತದ ಸೀಮೆಯಲ್ಲಿ ಎಲ್ಲಿಯ ಎಣ್ಣೆ ಬಾವಿ ಎಂದು ಮಾನ್ವಿಯಲ್ಲಿದ್ದ ಅಪ್ಪನೇ ನಕ್ಕಿದ್ದ. ನೆಲದಾಳದ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಎಣ್ಣೆ ಅಂಟಿಕೊಂಡಿರುತ್ತದೆ. ಬರೀ ನೀರು ನುಗ್ಗಿಸಿದರೆ ಅದು ಸಲೀಸಾದ ದಾರಿ ಹಿಡಿದು ಹೋಗಿಬಿಡುತ್ತದೆ, ಎಣ್ಣೆ ಬಹಳಷ್ಟು ಅಲ್ಲೇ ಉಳಿಯುತ್ತದೆ. ಸೋಪಿನಂಥ ರಾಸಾಯನಿಕ ಬೆರೆಸಿದರೆ ಹಿಡಿತ ಬಿಟ್ಟು ಹೊರಬರುತ್ತದೆ. ಗಾಜಿನ ಕೊಳವೆಯಲ್ಲಿ ಮರಳು ತುಂಬಿ, ಎಣ್ಣೆ ಕುಡಿಸಿ, ನಾನಿದನ್ನು ಮಾಡಿ ತೋರಿಸಬೇಕಿತ್ತು. ತಪ್ಪಿದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ.

ಎರಡು ಸಲ ಮಾಡಿದೆ, ಎರಡೂ ಸಲ ಅದೇ ಬಿಳಿ ಗಸಿ ಸಿಕ್ಕಿ ಕೊಳವೆ ಕಟ್ಟಿಕೊಂಡಿತು. ಲ್ಯಾಬಿನಲ್ಲಿ ನೀರು ಭಟ್ಟಿ ಇಳಿಸುವ ಯಂತ್ರ ಕೆಟ್ಟಿತ್ತು; ನೀರೆಲ್ಲ ಒಂದೇ ಅಲ್ಲವೇ ಎಂದು ಈ ಪಂಡಿತೆ ಬೋರಿನ ನಲ್ಲಿ ತಿರುವಿದ್ದಳು.

ಆಗ ನಾನಿದ್ದದ್ದು ಇಲ್ಲೇ ರಾಯಚೂರಿನಲ್ಲಿ, ಅವ್ವನ ತಂಗಿ ಈರಮ್ಮನ ಮನೆಯಲ್ಲಿ. ಚಿಗವ್ವನದು ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ಬಂಡಿ. ಜಿಡ್ಡಿನ ಕಡಾಯಿ ತಿಕ್ಕುತ್ತಿದ್ದವಳು ಕೇಳಿದಳು, "ಏನಬೇ, ಮಾರಿ ಸಣ್ಣ ಮಾಡ್ಕೊಂಡು ಕುಂತೀಯಲ್ಲ?"

ಹೇಳಿದೆ.

"ಬೋರಿನ ನೀರಿಗೆ ಸೀದಾ ಸೋಪು ಹಾಕಿದ್ರ ಒಡೀದೇ ಏನಾಗ್ತದ? ಮೊದಲ ವಾಷಿಂಗ್ ಸೋಡಾ ಹಾಕಿಡು. ಸುಣ್ಣ ತಳಕ್ಕ ಕುಂದರ್ತದ. ಮ್ಯಾಲಿನ ತಿಳಿನೀರಾಗ ಸೋಪು ಕಲಸು. ನಾ ದಿನಾ ಹಂಗೇ ಮಾಡಾಕತ್ತೀನಿ." ಸೋಡಾದ ಪೊಟ್ಟಣವನ್ನೂ ಆಕೆಯೇ ಕೊಟ್ಟಳು.

ಪರೀಕ್ಷೆಯ ದಿನ ಕೊಳವೆಯ ತುದಿಯಲ್ಲಿ ಮೊದಲು ನೀರು, ಆಮೇಲೆ ದಪ್ಪ ದಪ್ಪ ಎಣ್ಣೆ ಹನಿಗಳು. ಕುಣಿಯುವುದೊಂದು ಬಾಕಿ. ಪರೀಕ್ಷಕರು ಮೆಚ್ಚಿ, "ನೀರು ಹದ ಮಾಡೋ ಉಪಾಯ ಯಾರದಮ್ಮಾ?" ಎಂದರು.

"ನಂದೇ ಸರ್" ಎಂದುಬಿಟ್ಟೆ. ಆ ಕೋಣೆಯಲ್ಲಿ ಮಿರ್ಚಿ ಬಂಡಿಯ ಹೆಸರು ಹೇಳಲು ನಾಲಗೆ ಏಳಲಿಲ್ಲ.

ಈಗ ನಾನೇ ಕಾಲೇಜಿನ ಮೇಡಂ. ಚಿಗವ್ವ ಬಂಡಿಯನ್ನು ದೇವದುರ್ಗಕ್ಕೆ ಸಾಗಿಸಿದ್ದಾಳೆ. ಮೊನ್ನೆ ತಡೆಯಲಾರದೆ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಆಕೆಯೆದುರು ನಿಂತು ಎಲ್ಲ ಒಪ್ಪಿಕೊಂಡೆ.

ಮಿರ್ಚಿ ತಿರುವುತ್ತಲೇ ಕೇಳಿದಳು, "ನನ್ನ ಹೆಸರು ಹೇಳಿದ್ರ ನಿನ್ನ ಫೇಲ್ ಮಾಡ್ತಿದ್ರೇನು?"

"ಇಲ್ಲ ಚಿಗವ್ವ."

"ಮತ್ತ ಹೇಳಬೇಕಿತ್ತು ನೋಡು." ಅಷ್ಟೇ ಅಂದು, ಬಿಸಿ ಮಿರ್ಚಿ ನಾಲ್ಕು ಮುಂದಿಟ್ಟಳು. ಬೈದಿದ್ದರೆ ಸಲೀಸಾಗಿ ನುಂಗುತ್ತಿದ್ದೆ.

ಇವತ್ತು ತರಗತಿಯಲ್ಲಿ ಅದೇ ಪಾಠ. ಬೋರ್ಡಿನ ಮುಂದೆ ನಿಂತು, "ಮೊದಲು ಸೋಡಾ, ಆಮೇಲೆ ಸೋಪು. ಇದನ್ನು ನನಗೆ ಕಲಿಸಿದವರು ದೇವದುರ್ಗದ ಈರಮ್ಮ" ಎಂದೆ. ಎದೆ ಹಗುರಾಯಿತು. ಪೆನ್ನುಗಳು ಸರಸರ ಓಡಿದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಡಾಕ್ಟರ್ ಈರಮ್ಮ ಅಂತ ಬರೀಬೇಕೇನ್ರಿ?"

"ಬರಕೋವ್ವಾ" ಎಂದೆ.