ಬರೀ ‘ಹೂಂ’ ಒಪ್ಪದ ಚಿಕ್ಕಮ್ಮ

ನನ್ನ ಚಿಕ್ಕಮ್ಮನ ಬಾಯಿಗೆ ಹೆದರದವರು ನಮ್ಮ ವಂಶದಲ್ಲೇ ಇಲ್ಲ. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಾಳೆ, ಮಾತಾಡಿದ ಮೇಲೆ ನೆಮ್ಮದಿಯಾಗಿ ಊಟ ಮಾಡುತ್ತಾಳೆ. ಯಾರದೋ ಮೋಸಕ್ಕೆ ಸಿಕ್ಕಿ ಮಾರಾಟವಾಗಿ, ಆಮೇಲೆ ಬಿಡುಗಡೆಯಾಗಿ ಬಂದ ಹೆಂಗಸರ ಆಶ್ರಯಮನೆಗೆ ಅವಳೇ ಮೇಲ್ವಿಚಾರಕಿ. ಅವಳ ಅಕ್ಕನ ಮಗಳಾಗಿ ಹುಟ್ಟಿದ ತಪ್ಪಿಗೆ ನಾನು ಅಲ್ಲಿನ ಅಡುಗೆಮನೆ ನೋಡಿಕೊಳ್ಳುತ್ತೇನೆ.

ಅಲ್ಲಿಗೆ ಬರುವ ಹೊಸಬರು ಏನು ಕೇಳಿದರೂ ‘ಹೂಂ’ ಅನ್ನುತ್ತಾರೆ. ‘ಊಹೂಂ’ ಅಂದರೆ ಏಟು ಬೀಳುತ್ತಿದ್ದ ಕಡೆಯಿಂದ ಬಂದವರು ಇನ್ನೇನು ಅಂದಾರು? ಅದಕ್ಕೇ ಚಿಕ್ಕಮ್ಮ ಪ್ರತಿ ಪ್ರಶ್ನೆಯನ್ನೂ ತಿರುಗಿಸಿ ಇನ್ನೊಮ್ಮೆ ಕೇಳುತ್ತಾಳೆ. ಎರಡಕ್ಕೂ ‘ಹೂಂ’ ಬಂದರೆ ಉತ್ತರವೇ ಬಂದಿಲ್ಲ ಎಂದರ್ಥ.

ಹೋದ ವರ್ಷ ಬಂದವಳು ಇಪ್ಪತ್ತರ ಹುಡುಗಿ. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಹಗಲೂ ರಾತ್ರಿ ಬಟ್ಟೆ ಹೊಲಿಸುತ್ತಿದ್ದರಂತೆ, ಬಾಗಿಲಿಗೆ ಹೊರಗಿನಿಂದ ಬೀಗವಂತೆ. ಸದ್ದಿಲ್ಲದೆ ಓಡಾಡುತ್ತಾಳೆಂದು ‘ಬೆಕ್ಕಮ್ಮ’ ಅಂತ ಕರೆಯಲೇ ಎಂದೆ. ಅದಕ್ಕೂ ‘ಹೂಂ’.

ಒಂದು ಬೆಳಗ್ಗೆ ಅವಳ ಸೋದರಮಾವ ಬಂದ, ಜೊತೆಗೆ ಮಹಿಳಾ ಕಲ್ಯಾಣ ಇಲಾಖೆಯ ಅಧಿಕಾರಿ. ಮಾವನದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. “ನಮ್ಮಕ್ಕ ಅತ್ತು ಅತ್ತು ಹಾಸಿಗೆ ಹಿಡಿದಿದ್ದಾಳೆ ಮೇಡಂ,” ಅಂತ ಕಣ್ಣೊರೆಸಿಕೊಂಡ. ಹುಡುಗಿ ಒಪ್ಪಿದರೆ ಇವತ್ತೇ ಕಳಿಸಿಕೊಡಬೇಕೆಂದು ಆದೇಶ ಬಂದಿತ್ತು.

“ಮಾವನ ಜೊತೆ ಹೋಗ್ತೀಯೇನಮ್ಮ?” ಅಧಿಕಾರಿ ಕೇಳಿದರು.

“ಹೂಂ.”

“ಮುಗೀತಲ್ಲ ಮೇಡಂ,” ಅಂದರು ಅಧಿಕಾರಿ.

ನಾನು ಇಬ್ಬರಿಗೂ ಚಹಾ ಕೊಟ್ಟು ತಟ್ಟೆ ಹಿಡಿದು ಅಲ್ಲೇ ನಿಂತೆ. ಚಿಕ್ಕಮ್ಮ ಹುಡುಗಿಯ ಕಡೆ ತಿರುಗಿದಳು.

“ಇಲ್ಲೇ ಇರ್ತೀಯೇನೇ?”

“ಹೂಂ.”

“ನಾಳೆಯಿಂದ ಈ ಸಾಹೇಬರ ಕುರ್ಚಿ ಮೇಲೆ ನೀನೇ ಕೂತ್ಕೋತೀಯಾ?”

“ಹೂಂ.”

ಅಧಿಕಾರಿಗೆ ಚಹಾ ನೆತ್ತಿಗೇರಿತು.

“ಇದು ಒಪ್ಪಿಗೆ ಅಲ್ಲ ಸಾರ್, ಹೆದರಿಕೆ. ಎಲ್ಲಿಗೆ ಹೋಗ್ಬೇಕು, ಯಾರ ಜೊತೆ ಹೋಗ್ಬೇಕು ಅಂತ ಹೇಳೋ ಹಕ್ಕು ಇವಳದು. ಇವರು ಎದುರಿಗೆ ಕೂತಿದ್ರೆ ಹೇಗೆ ಹೇಳ್ತಾಳೆ? ಇಬ್ಬರೂ ಸ್ವಲ್ಪ ಹೊರಗಿರಿ.”

“ಆರ್ಡರ್ ಇದೆ ಮೇಡಂ.”

“ಆರ್ಡರ್ ನಿಮ್ಮ ಹತ್ರ ಇದೆ, ಬಾಯಿ ಇವಳ ಹತ್ರ ಇದೆ. ಅದು ತೆರೆಯೋ ತನಕ ಕಾಯಿರಿ.”

ಅಧಿಕಾರಿ ಕೆಟ್ಟವರಲ್ಲ. ಮಾವನನ್ನು ಕರೆದುಕೊಂಡು ಜಗಲಿಗೆ ಹೋದರು. ಚಿಕ್ಕಮ್ಮ ನೆಲದ ಮೇಲೆ ಕೂತು ಹುರುಳಿಕಾಯಿಯ ನಾರು ಬಿಡಿಸತೊಡಗಿದಳು.

“ನಾನೇನೂ ಕೇಳಲ್ಲ. ಅನ್ನಿಸಿದ್ರೆ ಹೇಳು. ಇಲ್ಲಾಂದ್ರೆ ಊಟ ಮಾಡಿ ಮಲಗು. ನೀನು ಹೇಳೋ ತನಕ ಯಾರ ಜೊತೆಗೂ ಕಳ್ಸಲ್ಲ.”

ಕಾಯೆಲ್ಲ ಮುಗಿಯುತ್ತ ಬಂತು. ನನಗೆ ತಾಳ್ಮೆ ಕಡಿಮೆ, ‘ಹೇಳೇ ಮಾರಾಯ್ತಿ’ ಅಂತ ಅವಳ ಭುಜ ಅಲುಗಿಸಬೇಕು ಅನ್ನಿಸುತ್ತಿತ್ತು. ಚಿಕ್ಕಮ್ಮನ ಕಣ್ಣಿಗೆ ಹೆದರಿ ಸುಮ್ಮನಿದ್ದೆ.

“ಆ ಶೆಡ್ಡಿಗೆ ನನ್ನ ಬಿಟ್ಟು ದುಡ್ಡು ತಗೊಂಡು ಹೋಗಿದ್ದು ಅವನೇ,” ಅಂದಳು ಹುಡುಗಿ, ಗೋಡೆ ನೋಡುತ್ತ. ಆಮೇಲೆ ದನಿ ಏರಿತು. “ನಾನು ಹೋಗಲ್ಲ!”

ಜಗಲಿಗೂ ಕೇಳಿಸಿತು. ಮೆಟ್ಟಿಲಿಳಿಯಲು ಹೊರಟ ಮಾವನ ತೋಳನ್ನು ಅಧಿಕಾರಿಯೇ ಹಿಡಿದುಕೊಂಡು ಪೊಲೀಸರಿಗೆ ಫೋನ್ ಮಾಡಿದರು.

ಚಿಕ್ಕಮ್ಮನಿಗೆ ಖುಷಿಯಲ್ಲಿ ಕಣ್ಣು ತುಂಬಿ ಬಂತು. “ಭೇಷ್! ನಾಳೆಯಿಂದಲೇ ನಿನ್ನ ಹೊಲಿಗೆ ಕ್ಲಾಸಿಗೆ ಸೇರಿಸ್ತೀನಿ, ನಿನ್ನ ಕಾಲ ಮೇಲೆ ನೀನು...”

“ಹೊಲಿಗೆ ಬೇಡ,” ಅಂದಳು ಹುಡುಗಿ. “ಆ ಮೆಷಿನ್ನು ಈ ಜನ್ಮದಲ್ಲಿ ಮುಟ್ಟಲ್ಲ.”

ಚಿಕ್ಕಮ್ಮನ ಮಾತನ್ನು ಯಾರಾದರೂ ನಡುವೆಯೇ ಕಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಪಾಪ, ಬಿಡುಗಡೆಯಾಗಿ ಬಂದವರಿಗೆಲ್ಲ ಹೊಲಿಗೆಯೇ ಗತಿ ಎಂದು ನಾವೆಲ್ಲ ನಂಬಿಕೊಂಡಿದ್ದೆವು.

“ಸರಿ ಕಣಮ್ಮ,” ಅಂದಳು ಚಿಕ್ಕಮ್ಮ. “ನಿನಗೇನು ಬೇಕು?”

“ಅಮ್ಮನ ಹತ್ರ ಮಾತಾಡ್ಬೇಕು. ಒಬ್ಬಳೇ.”

ಚಿಕ್ಕಮ್ಮ ತನ್ನ ಫೋನನ್ನು ಅವಳ ಕೈಗಿಟ್ಟು, ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಬಂದಳು.