ಮಣ್ಣುಮುಕ್ಕ ನೆಕ್ಕಿದ ಕಾಲು

ಮಣ್ಣುಮುಕ್ಕ ಹಾವಿನಷ್ಟು ಬಡಪಾಯಿ ಪ್ರಾಣಿ ಇನ್ನೊಂದಿಲ್ಲ. ಬಾಲ ಮೊಂಡಾಗಿರುವುದಕ್ಕೆ ಬಸವನಗುಡಿಯವರು ಅದನ್ನು ಎರಡು ತಲೆ ಹಾವು ಎನ್ನುತ್ತಾರೆ. ಹೊಲದ ಮಣ್ಣಿನೊಳಗೆ ಇಲಿ ಹಿಡಿದು ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಅದು ನೆಕ್ಕಿದರೆ ಮೈಮೇಲೆ ಬಿಳಿ ಮಚ್ಚೆ ಬೀಳುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ, ನಮ್ಮ ಸುದ್ದಗುಂಟೆಪಾಳ್ಯದವರು ಗಟ್ಟಿಯಾಗಿ ನಂಬಿದ್ದರು. ನಮ್ಮ ದೊಡ್ಡಮ್ಮ ಅಕ್ಕಯಮ್ಮ ಆ ನಂಬಿಕೆಯ ಮರೆಯಲ್ಲೇ ಬಹಳ ವರ್ಷ ಬದುಕಿದಳು.

ಜಯನಗರ ಬಡಾವಣೆಗೆಂದು ಹೊಲಗಳನ್ನು ಅಳೆಯುತ್ತಿದ್ದ ಕಾಲ. ಗೆಣಸು ಅಗೆಯುವಾಗ ಅವಳ ಪಾದದ ಮೇಲೆ ಮಣ್ಣುಮುಕ್ಕ ಹರಿದುಹೋಯಿತು. ಮುಂದೆ ಅದೇ ಕಾಲಿನಲ್ಲಿ ಮಚ್ಚೆ ಮೂಡಿತು. ಒಲೆಯ ಕೆಂಡ ತಾಗಿದರೂ ಅಲ್ಲಿ ಉರಿಯಲಿಲ್ಲ.

"ನೆಕ್ಬುಟ್ಟೈತೆ ಕಣೇ," ಎಂದಳು ಅವಳ ಅತ್ತೆ ಮರಿಯಮ್ಮ. ಶುಕ್ರವಾರ ಶುಕ್ರವಾರ ಹುತ್ತದ ಮಣ್ಣು ಹಚ್ಚಿಸಿದಳು, ನಾಗರಕಲ್ಲಿಗೆ ಹಾಲೆರೆಸಿದಳು.

ಕೈಬೆರಳು ಮಡಚಿಕೊಳ್ಳತೊಡಗಿದಾಗ ಇದು ಹಾವಿನದಲ್ಲ ಎಂದು ದೊಡ್ಡಮ್ಮನಿಗೇ ಅರ್ಥವಾಯಿತು. ಅವಳೇನು ದಡ್ಡಿಯಲ್ಲ. ಆದರೆ ಮಗಳು ಉಮಾಮಹೇಶ್ವರಿ ಮದುವೆಯ ವಯಸ್ಸಿಗೆ ಬಂದಿದ್ದಳು. ಹಾವಿನ ದೋಷವಿರುವವಳ ಮಗಳನ್ನು ಯಾರಾದರೂ ತಂದುಕೊಳ್ಳುತ್ತಾರೆ. ಕುಷ್ಠದವಳ ಮಗಳನ್ನು ಯಾರು ತಂದುಕೊಳ್ಳುತ್ತಾರೆ? ಆಸ್ಪತ್ರೆಯವರು ಮಾತ್ರೆ ಹಿಡಿದು ಪಾಳ್ಯಕ್ಕೆ ಬಂದಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, "ನಮ್ಮನೇಲಿ ಯಾರ್ಗೂ ಏನೂ ಇಲ್ಲ ಸಾಮಿ," ಎಂದು ಕಳಿಸಿಬಿಟ್ಟಳು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮದ್ದು ಬಾಗಿಲಿಗೇ ಬಂದಿತ್ತು.

ಉಮಾಳನ್ನು ಪಕ್ಕದ ಸಿದ್ದಾಪುರಕ್ಕೆ ಕೊಟ್ಟರು. ದೀಪಾವಳಿಗೆ ಬಂದವಳು ಮೊಣಕೈ ತೋರಿಸಿ, "ನಂಗೂ ನೆಕ್ಕೈತೆ ಅನ್ಸುತ್ತೆ ಅವ್ವ. ನಮ್ಮತ್ತೆಗೂ ಹಂಗೇ ಹೇಳಿದೀನಿ," ಎಂದಳು. ದೊಡ್ಡಮ್ಮ ಸೂಜಿ ತಂದು ಆ ಮಚ್ಚೆಗೆ ಚುಚ್ಚಿದಳು. ಚುಚ್ಚಿದ್ದೇ ಗೊತ್ತಾಗದೆ ಉಮಾ ಬೇರೆ ಕಡೆ ನೋಡುತ್ತಾ ಮಾತಾಡುತ್ತಲೇ ಇದ್ದಳು.

ಆವತ್ತೇ ಮಗಳ ರಟ್ಟೆ ಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ಸಾಲಿನಲ್ಲಿ ಪಾಳ್ಯದವರೂ ಇದ್ದರು, ಸಿದ್ದಾಪುರದವರೂ ಇದ್ದರು.

"ಇದು ಯಾವ ಹಾವೂ ನೆಕ್ಕಿದ್ದಲ್ಲ ಡಾಕ್ಟ್ರೇ. ಕುಷ್ಠ. ನನ್ನಿಂದ್ಲೇ ಬಂದಿರೋದು. ಇವಳ ಕೈ ಉಳಿಸ್ಕೊಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಮಾತ್ರೆಯಿಂದ ಉಮಾಳ ಕೈ ಉಳಿಯಿತು, ಗಂಡನ ಮನೆ ಉಳಿಯಲಿಲ್ಲ. ಸುದ್ದಿ ಆವತ್ತೇ ಸಿದ್ದಾಪುರ ಮುಟ್ಟಿತ್ತು. ತಾಯಿ ಮಗಳು ಮನೆಗೆ ಬರುವಷ್ಟರಲ್ಲಿ ಗಂಡನ ಮನೆಯವರು ಉಮಾಳ ಟ್ರಂಕು ತಂದು ಜಗಲಿಯ ಮೇಲೆ ಇಟ್ಟುಹೋಗಿದ್ದರು. ಉಮಾ ಅದರ ಪಕ್ಕದಲ್ಲೇ ಕೂತುಬಿಟ್ಟಳು. ದೊಡ್ಡಮ್ಮ ಮಡಚಿದ ಬೆರಳುಗಳನ್ನೇ ಹಿಡಿಗೆ ಸಿಕ್ಕಿಸಿ ಟ್ರಂಕನ್ನು ಒಳಗೆ ಎಳೆದಳು.

"ಕೈ ಇದ್ರೆ ದುಡ್ಕೊಂಡ್ ತಿಂತೀಯ," ಎಂದಳು. "ಏಳು, ಮಾತ್ರೆ ತಗೋ."